ಸಿಟ್ಟು ಹೊರಗಿಟ್ಟು ಬನ್ನಿ ಅನ್ನುವವರಿಗೆ

ನಿನ್ನೆ ಮತ್ತೆ ಅದೇ ಮಾತು ಕಿವಿಗೆ ಬಿತ್ತು. "ಎಮೋಷನ್ ಎಲ್ಲಾ ಹೊರಗಿಟ್ಟು ಮಾತಾಡ್ರಿ. ಏನಾತು ಅಷ್ಟ ಹೇಳ್ರಿ." ಹೇಳಿದವರು ಸಂಧಾನ ಮಾಡಿಸಲು ಆಡಳಿತದವರು ಹೊರಗಿನಿಂದ ಕರೆಸಿದ್ದ ಸಾಹೇಬರು. ಕೇಳಿಸಿಕೊಂಡವರು ನಮ್ಮ ಯೂನಿಟ್‌ನ ಸ್ಟೋರ್ಸ್ ನೋಡಿಕೊಳ್ಳುವ ಕಾಕಾ. ಅಲ್ಲಿಯವರೆಗೆ ಏನೋ ಹೇಳಲು ಒದ್ದಾಡುತ್ತಿದ್ದವರು ಆ ಮಾತಿಗೆ ಸುಮ್ಮನಾದರು. ಆಮೇಲೆ ಕೇಳಿದ್ದಕ್ಕೆಲ್ಲ "ಹೂಂ ರೀ" ಅಂದರು, ಸಹಿ ಹಾಕಿದರು, ಹೋದರು.

ಕೆಲಸಗಾರರ ದೂರು ಕೇಳುವ ಕುಂದುಕೊರತೆ ಸಮಿತಿಗೆ ನನ್ನನ್ನು ಹಾಕಿದಾಗಿನಿಂದ ಈ ಸಂಕಟ ನಿಮ್ಮ ಮುಂದೆ ತೋಡಿಕೊಳ್ಳುತ್ತಲೇ ಇದ್ದೇನೆ. ಇವತ್ತು ಮಾತ್ರ ಪೂರ್ತಿ ಬರೆಯಬೇಕು ಅನ್ನಿಸಿದೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಕಾಕಾನ ಒಪ್ಪಿಗೆಯನ್ನೂ ಕೇಳಿದ್ದೇನೆ.

ಕಾಗದದ ಮೇಲೆ ಇದ್ದ ಜಗಳ ಸ್ಟಾಕ್‌ನದು. ಇಂಡೆಂಟ್ ಸ್ಲಿಪ್, ಅಂದರೆ ಮಾಲು ಬೇಕು ಅಂತ ಬರೆದು ಕೊಡುವ ಚೀಟಿ, ಇಲ್ಲದೆ ಮಾಲು ಹೊರಗೆ ಹೋಗಿದೆ, ರಿಜಿಸ್ಟರ್‌ಗೂ ರ‍್ಯಾಕ್‌ಗೂ ತಾಳೆ ಆಗುತ್ತಿಲ್ಲ. ಯಾರ ತಪ್ಪು? ಅಕೌಂಟ್ಸ್‌ನಲ್ಲಿರುವ ನನಗೆ ಆ ಲೆಕ್ಕ ಬಿಡಿಸುವುದು ಕಷ್ಟದ ಕೆಲಸವಲ್ಲ. ಆದರೆ ಕಾಕಾ ದೂರು ಕೊಟ್ಟದ್ದು ಲೆಕ್ಕದ ಬಗ್ಗೆ ಅಲ್ಲವೇ ಅಲ್ಲ. ಹೊಸದಾಗಿ ಬಂದ ಪ್ರೊಡಕ್ಷನ್ ಇನ್‌ಚಾರ್ಜ್, ಟ್ರೈನಿ ಹುಡುಗರೆಲ್ಲ ನಿಂತಿರುವಾಗ, ಕಾಕಾನ ಕೈಯಿಂದ ಸ್ಟೋರ್ಸಿನ ಕೀಲಿಕೈ ಇಸಿದುಕೊಂಡು ಆ ಹುಡುಗರಲ್ಲೇ ಒಬ್ಬನಿಗೆ ಕೊಟ್ಟಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೀಲಿಕೈ ಇಟ್ಟುಕೊಂಡವರು ಕಾಕಾ. ಜಗಳ ಇರುವುದು ಅಲ್ಲಿ. ಸಂಧಾನದ ಕೋಣೆಯಲ್ಲಿ ಅದು ಮಾತಿಗೇ ಬರಲಿಲ್ಲ, ಯಾಕಂದರೆ ಅದು "ಎಮೋಷನ್". ರಿಜಿಸ್ಟರ್‌ಗೆ ಹೊಸ ಕಾಲಂ ಸೇರಿಸುವುದು ಅಂತ ತೀರ್ಮಾನವಾಯಿತು. ಇವತ್ತು ಕಾಕಾ ಕೆಲಸಕ್ಕೆ ಬಂದಿಲ್ಲ.

ಸಿಟ್ಟು ಸುಮ್ನೆ ಬರುವುದಿಲ್ಲ, ಅಲ್ವಾ? ಯಾವುದಕ್ಕೆ ನೋವಾಗಿದೆ, ಏನು ಕೈ ತಪ್ಪಿದೆ ಅನ್ನುವುದನ್ನು ಅದೇ ತೋರಿಸುತ್ತದೆ. ಡಾಕ್ಟರ್ ಹತ್ತಿರ ಹೋದವರಿಗೆ "ನೋವು ಹೇಳಬೇಡ, ರೋಗ ಅಷ್ಟೇ ಹೇಳು" ಅಂದರೆ ಹೇಗೆ? ಸಂಧಾನ ಮಾಡಿಸುವವರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ಮಾಹಿತಿಯನ್ನೇ ಅವರು ಬಾಗಿಲಲ್ಲಿ ಬಿಟ್ಟು ಬನ್ನಿ ಅನ್ನುತ್ತಿದ್ದಾರೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಸಾಹೇಬರು ಮಧ್ಯೆ ಕೇಳಿದರು, "ಯಾವ ತಾರೀಖು? ಯಾರ‍್ಯಾರು ಇದ್ರು? ಅವರು ಮೊದಲು ಏನಂದ್ರು?" ಕಾಕಾ ತಡವರಿಸಿದರು. ಒಮ್ಮೆ ಮಂಗಳವಾರ ಅಂದರು, ಒಮ್ಮೆ ಬುಧವಾರ. ಎದುರಿಗೆ ಕೂತವರು ಮುಖ ಮುಖ ನೋಡಿಕೊಂಡರು, ಸುಳ್ಳು ಹೇಳುತ್ತಿದ್ದಾರೆ ಅನ್ನುವ ಹಾಗೆ. ಜೇನ್ ರಿಚರ್ಡ್ಸ್, ಜೇಮ್ಸ್ ಗ್ರಾಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2000ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದರ ಬಗ್ಗೆಯೇ ಇವೆ. ಮನಸ್ಸು ಕಲಕುವಂಥದ್ದನ್ನು ನೋಡುವಾಗ ಮುಖದಲ್ಲಿ ಏನೂ ತೋರಿಸಬೇಡಿ ಅಂತ ಕೆಲವರಿಗೆ ಹೇಳಿದ್ದರು. ಆ ವೇಳೆ ಕೇಳಿದ ವಿವರಗಳು ಅವರಿಗೆ ಉಳಿದವರಿಗಿಂತ ಕಡಿಮೆ ನೆನಪಿದ್ದವು. ಅದುಮಿಟ್ಟುಕೊಳ್ಳುವುದಕ್ಕೇ ಅಷ್ಟು ಶಕ್ತಿ ಬೇಕು. ಇನ್‌ಚಾರ್ಜ್ ಎದುರು ನಿಂತು ನುಂಗಿಕೊಂಡ ಆ ಗಳಿಗೆಯ ತಾರೀಖು, ಮಾತಿನ ವರಸೆ ಕಾಕಾ ಒಪ್ಪಿಸಬೇಕಂತೆ, ಅದೂ ಮತ್ತೆ ನುಂಗಿಕೊಳ್ಳುತ್ತಾ. ಆಮೇಲೆ ತಡವರಿಸಿದರೆ ಅನುಮಾನ ಅವರ ಮೇಲೇ.

2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು ಮಾಡಿದ ಮೆದುಳಿನ ಸ್ಕ್ಯಾನ್ ಅಧ್ಯಯನ ಇನ್ನೊಂದಿದೆ. ಸಿಟ್ಟು, ಹೆದರಿಕೆ ತುಂಬಿದ ಮುಖಗಳ ಚಿತ್ರ ನೋಡಿ, ಆ ಭಾವನೆ ಯಾವುದು ಅಂತ ಹೆಸರು ಹೇಳಿದಾಗ, ಅಪಾಯಕ್ಕೆ ಬೇಗ ಸ್ಪಂದಿಸುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ತಗ್ಗಿತು. "ನನಗೆ ಅವಮಾನ ಆತ್ರಿ" ಅಂತ ಒಮ್ಮೆ ಬಾಯಿಬಿಟ್ಟು ಹೇಳಲು ಬಿಟ್ಟಿದ್ದರೆ, ಆ ಕೋಣೆ ತಾನಾಗಿ ಅರ್ಧ ತಣ್ಣಗಾಗುತ್ತಿತ್ತು ಅಂತ ನನ್ನ ನಂಬಿಕೆ.

ಇಷ್ಟಕ್ಕೂ ಸಮಾಧಾನ ತಗೋ ಅಂತ ಯಾರಿಗೆ ಹೇಳುತ್ತಾರೆ? ಮೇಲಿನವರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಇನ್‌ಚಾರ್ಜ್ ನಿನ್ನೆ ಮೇಜು ಗುದ್ದಿ ಮಾತಾಡಿದರು. ಅದು "ಸ್ಟ್ರಿಕ್ಟ್ ಅದಾರ" ಅನ್ನಿಸಿಕೊಂಡಿತು. ಕಾಕಾನ ದನಿ ನಡುಗಿತು. ಅದು ಎಮೋಷನ್ ಆಯಿತು. ಹೆಣ್ಣುಮಕ್ಕಳ ವಿಷಯ ಬಂದರಂತೂ ಇನ್ನೂ ಕಷ್ಟ, ಕಣ್ಣಲ್ಲಿ ಒಂದು ಹನಿ ಕಂಡರೆ ಸಾಕು, ಅವಳ ದೂರಿನ ತೂಕವೇ ಇಳಿದುಬಿಡುತ್ತದೆ. ಹೇಳಿಯೇಬಿಡುತ್ತೇನೆ, ನಾನೂ ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು, ಏನೂ ಆಗಿಲ್ಲ ಅನ್ನುವ ಹಾಗೆ ಮೀಟಿಂಗಿಗೆ ಬಂದು ಕೂತವಳು. ಇದನ್ನು ಮನೆಯಲ್ಲೂ ಹೇಳಿಲ್ಲ. ಅದಕ್ಕೇ ನಿನ್ನೆ ಕಾಕಾನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಗೆಳೆಯರೊಬ್ಬರು ಬೆಳಿಗ್ಗೆ ಫೋನಿನಲ್ಲಿ ವಾದ ಮಾಡಿದರು. "ಎಲ್ಲಾರಿಗೂ ಸಿಟ್ಟು ತೋರಸಾಕ ಬಿಟ್ರ ಸಂಧಾನ ಎಲ್ಲೈತ್ರಿ? ಸಂತಿ ಆಕ್ಕೈತಿ." ಬೈಗುಳ, ಬೆದರಿಕೆ, ಮೈಮೇಲೆ ಹೋಗುವುದು, ಇವನ್ನು ತಡೆಯಲೇಬೇಕು. ಅದನ್ನು ಯಾರೂ ಬೇಡ ಅನ್ನುತ್ತಿಲ್ಲ. ಆದರೆ ಬೈಯಬೇಡ ಅನ್ನುವುದು ಬೇರೆ, ನಿನಗೆ ನೋವಾಗಿದ್ದನ್ನು ಹೇಳಬೇಡ ಅನ್ನುವುದು ಬೇರೆ. ಕೂಗಾಟ ಹೆಚ್ಚಾಗುವುದು ಕೇಳುವವರು ಇಲ್ಲದಾಗ. ಒಮ್ಮೆ ಕೇಳಿಸಿಕೊಂಡವರ ಎದುರು ಅದನ್ನೇ ಹತ್ತು ಸಲ ಯಾರು ಕೂಗುತ್ತಾರೆ?

ಅತ್ತವರದ್ದೇ ಸರಿ ಅಂತಲೂ ನಾನು ಹೇಳುತ್ತಿಲ್ಲ. ಕೂಲಿ ಬಾಕಿ, ಓವರ್‌ಟೈಮ್, ಪಿಎಫ್ ಇವೆಲ್ಲ ಲೆಕ್ಕದ ಮಾತು, ಲೆಕ್ಕದಿಂದಲೇ ತೀರಬೇಕು. ಕಣ್ಣೀರು ಒರೆಸಿ ಬಾಕಿ ಮರೆಸುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಇನ್ನು ಲೈಂಗಿಕ ಕಿರುಕುಳದ ದೂರುಗಳಲ್ಲಿ 2013ರ ಕಾಯ್ದೆ ಸ್ಪಷ್ಟವಾಗಿದೆ: ದೂರು ಕೊಟ್ಟ ಮಹಿಳೆ ತಾನೇ ಕೇಳಿಕೊಂಡರೆ ಮಾತ್ರ ರಾಜಿ ಪ್ರಯತ್ನ ಮಾಡಬಹುದು, ದುಡ್ಡು ಕೊಟ್ಟು ರಾಜಿ ಮಾಡಿಸುವ ಹಾಗಿಲ್ಲ. ಅಲ್ಲಿ "ಹೊಂದಿಕೊಂಡು ಹೋಗವಾ" ಅನ್ನುವ ಹಿರಿತನ ಯಾರೂ ತೋರಿಸಬಾರದು.

ನಮ್ಮ ಕಡೆ ಹಳ್ಳಿಗಳಲ್ಲಿ ಹಿರಿಯರು ಕೂತು ಜಗಳ ಬಿಡಿಸುವಾಗ "ಹೊಟ್ಟ್ಯಾಗಿಂದೆಲ್ಲಾ ಹೇಳಿಬಿಡು ಮೊದಲ" ಅನ್ನುತ್ತಿದ್ದರು. ಆ ಕಟ್ಟೆಯ ಮೇಲೆ ಹೆಂಗಸರಿಗೆ, ಕೆಳಜಾತಿಯವರಿಗೆ ಬಾಯಿ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಆ ಕಟ್ಟೆ ಮತ್ತೆ ಬರುವುದು ಬೇಡ. ಮೊದಲು ಪೂರ್ತಿ ಕೇಳುವ ಆ ಪದ್ಧತಿ ಮಾತ್ರ ಬೇಕು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅನ್ನುವ ಕಾನೂನಿನ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಆಡಳಿತದವರೂ ಕಾರ್ಮಿಕರೂ ಸಮಾನ ಸಂಖ್ಯೆಯಲ್ಲಿ, ಒಟ್ಟು 10 ಜನ ಮೀರದಂತೆ. ಅರ್ಜಿ ಬಂದ 30 ದಿನದೊಳಗೆ ಮುಗಿಸಬೇಕು. ನಮ್ಮಲ್ಲಿ ಆ 30 ದಿನದ ಗಡಿಬಿಡಿಯೇ ಎಲ್ಲರ ತಲೆಯಲ್ಲಿದೆ. ಫೈಲ್ ಮುಚ್ಚಬೇಕು, ಅಷ್ಟೇ. ನಮ್ಮ ಹುಬ್ಬಳ್ಳಿ-ಧಾರವಾಡದ ಗೋಕುಲ ರೋಡ್, ತಾರಿಹಾಳ, ರಾಯಾಪುರ, ಬೇಲೂರು ಕಡೆ ಸಣ್ಣ ಯೂನಿಟ್‌ಗಳಲ್ಲಿರುವ ಗೆಳೆಯರು ಹೇಳುವುದೂ ಇದನ್ನೇ.

ಸೋಮವಾರ ಸಮಿತಿಗೆ ಬರೆದು ಕೊಡುತ್ತೇನೆ. ಈ ಕೇಸನ್ನು ಮತ್ತೆ ತೆಗೆಯಬೇಕು. ಕಾಕಾ ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕಬಾರದು, ತಾರೀಖು ಆಮೇಲೆ ಕೇಳಿದರಾಯಿತು. ಇನ್‌ಚಾರ್ಜ್‌ಗೂ ಕೇಳಬೇಕು, ಅವತ್ತು ನಿಮಗೆ ಏನು ಹೆದರಿಕೆ ಇತ್ತು ಅಂತ. ಮಾಲು ಕಡಿಮೆ ಬಿದ್ದರೆ ಅವರ ತಲೆಗೇ ಬರುತ್ತಿತ್ತಲ್ಲ, ಅದೂ ಹೊರಗೆ ಬರಲಿ. ಕೀಲಿಕೈ ವಾಪಸ್ ಕೊಡುವುದಾದರೆ ಶಿಫ್ಟ್ ಶುರುವಾಗುವಾಗ, ಟ್ರೈನಿಗಳೆಲ್ಲ ಇರುವಾಗಲೇ ಕೊಡಬೇಕು. ಸಮಿತಿಯಲ್ಲಿ ಇಬ್ಬರು ಸಹಿ ಹಾಕುತ್ತೇವೆ ಅಂದಿದ್ದಾರೆ. ನಿಮ್ಮ ಕಡೆ ಇಂಥ ಸಮಿತಿಯಲ್ಲಿ ಕೂತವರು ಇದ್ದರೆ, ಮೊದಲ ಅರ್ಧ ಗಂಟೆ ಹೇಗೆ ನಡೆಸುತ್ತೀರಿ ಅನ್ನುವುದನ್ನು ದಯವಿಟ್ಟು ಕೆಳಗೆ ಬರೆಯಿರಿ, ಸೋಮವಾರದೊಳಗೆ ಬೇಕು.