ಜಮಖಾನದ ಮೇಲೆ ಹೋಳಿಗೆ

ಗ್ಲಕ್... ಗ್ಲಕ್... ಗ್ಲಕ್...

ನಾಯಿ ಸಾಕಿದವರಿಗೆ ಇದಕ್ಕಿಂತ ಒಳ್ಳೇ ಅಲಾರಂ ಇಲ್ಲ. ಹೊಸತೊಡಕಿನ ಬೆಳಗ್ಗೆ 5 ಗಂಟೆಗೆ ಎದ್ದು ಓಡಿದೆ. ಮನೆ ತುಂಬಾ ರೆಡ್ ಆಕ್ಸೈಡ್ ನೆಲ, ಒರೆಸಿದರೆ ಮುಗೀತು. ಆದರೆ ನಮ್ಮ ಕಾಳ ಅದನ್ನೆಲ್ಲ ದಾಟಿಕೊಂಡು ಹೋಗಿ ಅಮ್ಮನ ಜಮಖಾನದ ಮೇಲೇ ಕಾರಿಕೊಂಡಿದ್ದ. ನಾನು ಬಟ್ಟೆ ತರುವಷ್ಟರಲ್ಲಿ ಅರ್ಧ ವಾಪಸ್ ತಿಂದು ಸಾಕ್ಷಿನಾಶಕ್ಕೂ ಇಳಿದಿದ್ದ.

"ಯಾರು ಹೋಳಿಗೆ ಹಾಕಿದ್ದು?"

"ಒಂದೇ ಒಂದು ಚೂರು ಕಣೋ," ಅಂದರು ಅಮ್ಮ. ವಿಚಾರಣೆ ಮುಗಿಯುವ ಹೊತ್ತಿಗೆ ಆ ಚೂರು ಮೂರು ಹೋಳಿಗೆಯಾಗಿತ್ತು. ಮೇಲೆ ತುಪ್ಪ ಬೇರೆ.

ಡಾಕ್ಟರಿಗೆ ಫೋನ್ ಮಾಡಿದೆ. "ಹೊಟ್ಟೆ ಹಿಂಡಿ ಹಿಂಡಿ ಬಂತಾ, ಇಲ್ಲ ತಲೆ ತಗ್ಗಿಸಿದ ತಕ್ಷಣ ಸುಮ್ನೆ ಜಾರಿ ಬಿತ್ತಾ?" ಹಿಂಡಿ ಬಂದರೆ ವಾಂತಿ. ಜಾರಿ ಬಿದ್ದರೆ ಅನ್ನನಾಳದಿಂದಲೇ ವಾಪಸ್ ಬಂದದ್ದು, ಅದರ ಕಾರಣವೇ ಬೇರೆಯಂತೆ. ನಾನು ಹೊಟ್ಟೆ ಕುಣಿಸಿ ಮಾಡಿ ತೋರಿಸಿದೆ. ವಿಡಿಯೋ ಕಾಲ್ ಅಲ್ಲ ಅಂತ ಆಮೇಲೆ ಹೊಳೆಯಿತು.

"ಪಾಯಸದ ದ್ರಾಕ್ಷಿ ತಿಂದಿದ್ದಾನಾ? ದ್ರಾಕ್ಷಿ ನಾಯಿಯ ಕಿಡ್ನಿಗೇ ಹೊಡೆತ."

"ಎಲ್ಲಾ ನಿನ್ನ ಲೋಟಕ್ಕೇ ಬಿತ್ತಲ್ಲೋ," ಅಂತ ಅಮ್ಮ ಹಿಂದಿನಿಂದ ಕೂಗಿದರು.

ಸದ್ಯ! ಕೆಲವು ಗಂಟೆ ಊಟ ಬೇಡ, ನೀರು ಸ್ವಲ್ಪ ಸ್ವಲ್ಪವೇ ಕೊಡಿ, ಆಮೇಲೆ ಮೆತ್ತಗಿನ ಅನ್ನ, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ ಅಂದರು. ಪದೇ ಪದೇ ಆದರೆ, ರಕ್ತ ಕಂಡರೆ, ಇಲ್ಲ ಹೊಟ್ಟೆ ಉಬ್ಬಿ ಏನೂ ಬರದೆ ಒದ್ದಾಡಿದರೆ ಫೋನ್ ಮಾಡ್ತಾ ಕೂರಬೇಡಿ, ಎತ್ಕೊಂಡು ಬನ್ನಿ. "ಈಗ ಒಂದು ಫೋಟೋ ಕಳಿಸಿ."

ಕಳಿಸಿದೆ.

ಹತ್ತು ಗಂಟೆಗೆ ಮಟನ್ ಸಾರು ಕುದಿಯತೊಡಗಿತು. ಮೂಳೆ, ಈರುಳ್ಳಿ, ಮಸಾಲೆ, ಎಲ್ಲವೂ ಕಾಳನಿಗೆ ನಿಷಿದ್ಧ. ಅಡುಗೆಮನೆ ಹೊಸ್ತಿಲ ಮೇಲೆ ಗಲ್ಲ ಊರಿ ಮಲಗಿ ನಮ್ಮನ್ನೆಲ್ಲ ನೋಡಿದ. ಆಸ್ತಿ ಕಳೆದುಕೊಂಡ ಗೌಡರೂ ಹಾಗೆ ನೋಡಲಾರರು.

ಅಷ್ಟರಲ್ಲಿ ಡಾಕ್ಟರ್ ಫೋನ್. "ಫೋಟೋ ಬರಲೇ ಇಲ್ವಲ್ಲ?"

ಎದೆ ಧಸಕ್ಕೆಂದಿತು. ಫ್ಯಾಮಿಲಿ ಗ್ರೂಪ್ ತೆಗೆದೆ. ಎಲ್ಲರ ಹಬ್ಬದೂಟದ ಫೋಟೋಗಳ ಸಾಲಿನ ಕೊನೆಗೆ ನನ್ನದೂ ಇತ್ತು. ಕೆಳಗೆ ಚಿಕ್ಕಪ್ಪನ ಮೆಸೇಜು: "ಅತ್ತಿಗೆ, ಈ ಸಲ ಹೂರಣ ಸ್ವಲ್ಪ ತೆಳ್ಳಗಾಯ್ತು ಅಲ್ವಾ?"