ಸ್ಪ್ಯಾನರ್‌ಗೂ ಒಂದು ಪಾಸ್‌ಪೋರ್ಟ್ ಕೊಡ್ಸಿ

ಜರ್ಮನಿ ಎಲ್ಲಿದೆ ಅಂತ ಮಕ್ಳು ಕೇಳಿದ್ರೆ ಅಟ್ಲಾಸ್ ತೆಗೀಬೇಡಿ, ಸೀದಾ ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಕರ್ಕೊಂಡ್ ಹೋಗಿ. ಅಲ್ಲಿ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಕಪ್ಪು ಕೆಂಪು ಹಳದಿ ಬಾವುಟದ ಪ್ಯಾಕೆಟ್‌ಗಳು ಹಬ್ಬದ ತೋರಣದ ಥರ ನೇತಾಡ್ತಿರ್ತವೆ. ಕಟಿಂಗ್ ಪ್ಲೇಯರ್ ಮೇಲೆ ಜರ್ಮನ್ ಟೆಕ್ನಾಲಜಿ, ಸ್ಕ್ರೂ ಡ್ರೈವರ್ ಸೆಟ್ ಮೇಲೆ ಜಪಾನ್ ಕ್ವಾಲಿಟಿ, ಅಲೆನ್ ಕೀ ಮೇಲೆ ಯುಎಸ್ಎ ಸ್ಟ್ಯಾಂಡರ್ಡ್. ಸುಳ್ಳು ಅನ್ಬೇಡಿ ಮತ್ತೆ, ಜರ್ಮನೀಲಿ ಮಾಡಿದ್ದು ಅಂತ ಯಾರ್ ಹೇಳಿದ್ರು? ಟೆಕ್ನಾಲಜಿ ಅಂದ್ರು ಅಷ್ಟೇ, ಜರ್ಮನೀಲೂ ಕಬ್ಬಿಣ ಕಾಯ್ಸಿ ಬಡೀತಾರೆ ಇಲ್ಲೂ ಕಾಯ್ಸಿ ಬಡ್ದಿದಾರೆ, ಟೆಕ್ನಾಲಜಿ ಒಂದೇ ಆಯ್ತಲ್ಲ.

ನಿಜವಾದ ದೇಶ ಬೇಕಂದ್ರೆ ಪ್ಯಾಕೆಟ್ ತಿರುಗಿಸಿ, ಕನ್ನಡಕ ಹಾಕ್ಕೊಳಿ, ಬಾರ್‌ಕೋಡ್ ಕೆಳಗೆ, ಗುಂಡಿ ತೂತು ಹೊಡೆದಿರೋ ಜಾಗದ ಪಕ್ಕ ನೋಡಿ. ಲೀಗಲ್ ಮೆಟ್ರಾಲಜಿ, ಅಂದ್ರೆ ತೂಕ ಅಳತೆ ನೋಡ್ಕೊಳ್ಳೋ ಇಲಾಖೆಯವರ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಪ್ರಕಾರ ಹೊರಗಿಂದ ತಂದ ಮಾಲಿನ ಪ್ಯಾಕೆಟ್ ಮೇಲೆ ಯಾವ ದೇಶದ್ದು, ತರಿಸ್ದೋರು ಯಾರು, ಎಂಆರ್‌ಪಿ ಎಷ್ಟು ಎಲ್ಲಾ ಇರ್ಬೇಕು, ಅಕ್ಷರ ಇಷ್ಟು ಮಿಲಿಮೀಟರ್ ಎತ್ತರ ಇರ್ಬೇಕು ಅನ್ನೋವರೆಗೂ ಬರ್ದಿಟ್ಟಿದಾರೆ. ಪಾಪ, ಅಕ್ಷರಕ್ಕೆ ಅಳತೆ ಇಟ್ಟೋರು ಬಾವುಟಕ್ಕೆ ಇಡೋದು ಮರೆತ್ರು. ಹಂಗಾಗಿ ಮುಂದೆ ಅಂಗೈ ಅಗಲ ಬಾವುಟ, ಹಿಂದೆ ಇರುವೆ ಸಾಲಿನಲ್ಲಿ ಸತ್ಯ. ಅದೂ ಎಷ್ಟೋ ಸಲ ಸ್ಟಿಕರ್ ಮೇಲೆ ಸ್ಟಿಕರ್ ಇರತ್ತೆ, ಉಗುರಲ್ಲಿ ಕೆರೆದು ತೆಗೆದ್ರೆ ಒಳಗೆ ಇನ್ನೊಂದು ದೇಶ ಸಿಗತ್ತೆ, ವೀಸಾ ಇಲ್ದೆ ಫಾರಿನ್ ಟೂರ್.

ಆನ್‌ಲೈನ್‌ನಲ್ಲಿ ತಗೊಳ್ಳೋರಿಗೆ ಕೆರೆಯೋ ಕೆಲಸಾನೂ ಇಲ್ಲ. 2020ರ ಇ-ಕಾಮರ್ಸ್ ರೂಲ್ಸ್ ಬಂದ್ಮೇಲೆ ಕಂಟ್ರಿ ಆಫ್ ಒರಿಜಿನ್, ಅಂದ್ರೆ ಮಾಲು ಯಾವ ದೇಶದ್ದು ಅನ್ನೋದು, ತೋರಿಸ್ಲೇಬೇಕು, ತೋರಿಸ್ತಾರೆ, ಫೋಟೋ ಎಲ್ಲಾ ದಾಟಿ, ಇದರ ಜೊತೆ ಇದನ್ನೂ ಕೊಳ್ಳಿ ಅನ್ನೋದು ದಾಟಿ, ಡೀಟೇಲ್ಸ್ ಅನ್ನೋ ಬಾಣದ ಗುರುತು ಒತ್ತಿದ್ರೆ, ಕೊನೇ ಲೈನ್‌ನಲ್ಲಿ.

ಅಂಗಡಿಯವರನ್ನ ಕೇಳೋದೇ ವಾಸಿ. "ಅಣ್ಣ, ಈ ಪೈಪ್ ರೆಂಚ್ ಯಾವ ದೇಶದ್ದು?" ಅಂದ್ರೆ ಅವರು ಮುಖ ನೋಡಿ, "ನಿಮ್ಗೆ ಯಾವ್ದು ಬೇಕು ಹೇಳಿ ಸಾರ್" ಅಂತಾರೆ. ಇಷ್ಟು ಪ್ರಾಮಾಣಿಕ ಉತ್ತರ ಯಾವ ಪ್ಯಾಕೆಟ್ ಮೇಲೂ ಸಿಗಲ್ಲ.

ಮನೆಗೆ ಬಂದು ಪ್ಯಾಕೆಟ್ ಹರಿದು ಬಿಸಾಕಿದ್ರೆ ಆ ಇರುವೆ ಸಾಲೂ ಕಸದ ಬುಟ್ಟಿಗೆ. ಸ್ಪ್ಯಾನರ್ ಮೇಲೆ ಉಳಿಯೋದು ಕ್ರೋಮ್ ವೆನೇಡಿಯಂ ಅನ್ನೋ ಎರಡು ಪದ. ಅದು ಉಕ್ಕಿಗೆ ಏನೇನು ಬೆರೆಸಿದಾರೆ ಅನ್ನೋದರ ಹೆಸರು, ಯಾವ ದೇಶದಲ್ಲಾದ್ರೂ ಬೆರೆಸ್ಬೋದು, ಆದ್ರೆ ಅದನ್ನ ಜರ್ಮನಿಯ ಯಾವ್ದೋ ಕಂಪನಿ ಅಂತ ತಿಳ್ಕೊಂಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ, ಕಂಪನಿಯವರೂ ತಿದ್ದೋಕೆ ಹೋಗಲ್ಲ.

ಇದು ನಮ್ಮ ದೇಶದ ಹಣೆಬರಹ ಅಂತ ಕೊರಗಬೇಡಿ, ಅಮೆರಿಕದವರು ನಮಗಿಂತ ಮುಂದಿದಾರೆ. ಅಲ್ಲಿ ಎಫ್‌ಟಿಸಿ, ಅಂದ್ರೆ ಫೆಡರಲ್ ಟ್ರೇಡ್ ಕಮಿಷನ್ ಅನ್ನೋ ಸರ್ಕಾರಿ ಸಂಸ್ಥೆ ಇದೆ, ಮೇಡ್ ಇನ್ ಯುಎಸ್ಎ ಅಂತ ಹಾಕ್ಬೇಕಂದ್ರೆ ಮಾಲು ಪೂರ್ತಿ, ಅಥವಾ ಹೆಚ್ಚುಕಮ್ಮಿ ಪೂರ್ತಿ, ಅಲ್ಲೇ ಆಗಿರ್ಬೇಕು ಅನ್ನತ್ತೆ, 2021ರಲ್ಲಿ ಇದನ್ನ ಗಟ್ಟಿ ರೂಲೇ ಮಾಡಿದ್ರು. ಅದಕ್ಕೂ ಮುಂಚೆ ಸ್ಟ್ಯಾನ್ಲಿ ವರ್ಕ್ಸ್‌ನಂಥ ದೊಡ್ಡ ಟೂಲ್ಸ್ ಕಂಪನಿಗೆ 1999ರಲ್ಲಿ ಹಿಂಗೆಲ್ಲಾ ಬರೀಬಾರದಪ್ಪ ಅಂತ ಆದೇಶ ಆಗಿತ್ತು, ಆಮೇಲೂ ರಾಚೆಟ್ ಮೇಲೆ ಬರ್ಕೊಂಡ್ರು ಅಂತ ಎಫ್‌ಟಿಸಿ ಕೇಸ್ ಹಾಕ್ತು, 2006ರಲ್ಲಿ ಕಂಪನಿ 2,05,000 ಡಾಲರ್ ಕಟ್ಟೋದಕ್ಕೆ ಒಪ್ಕೊಂಡು ರಾಜಿ ಆಯ್ತು. ಈಗ ಬುದ್ಧಿ ಬಂದಿದೆ. ಟೂಲ್ಸ್ ಮೇಲೆ ಮೇಡ್ ಇನ್ ಯುಎಸ್ಎ ವಿತ್ ಗ್ಲೋಬಲ್ ಮೆಟೀರಿಯಲ್ಸ್ ಅಂತ ಬರೀತಾರೆ. ಗ್ಲೋಬಲ್ ಅಂದ್ರೆ ಭೂಗೋಳದ್ದು. ಸಾಮಾನು ಮಂಗಳ ಗ್ರಹದಿಂದ ತಂದಿಲ್ಲ ಅನ್ನೋದಕ್ಕೆ ಲಿಖಿತ ಗ್ಯಾರಂಟಿ, ಇದಕ್ಕಿಂತ ಇನ್ನೇನ್ ಬೇಕು ಹೇಳಿ.

ಈ ಆಟ ಶುರು ಮಾಡ್ದೋರಲ್ಲಿ ಜರ್ಮನ್ನರೂ ಇದ್ರು ಅನ್ನೋದು ಇನ್ನೂ ಮಜಾ. ಆಗ ಚಾಕು ಕತ್ತರಿಗೆ ಇಂಗ್ಲೆಂಡಿನ ಶೆಫೀಲ್ಡ್ ಅಂದ್ರೆ ಹೆಸರು, ಜರ್ಮನಿಯ ಜೋಲಿಂಗೆನ್ ಕಡೆಯವರು ತಮ್ಮ ಮಾಲಿಗೆ ಶೆಫೀಲ್ಡ್ ಅಂತ ಮುದ್ರೆ ಒತ್ತಿ ಕಳಿಸ್ತಾರೆ ಅಂತ ಬ್ರಿಟಿಷರು ಬಾಯ್ ಬಾಯ್ ಬಡ್ಕೊಂಡು 1887ರಲ್ಲಿ ಮರ್ಚಂಡೈಸ್ ಮಾರ್ಕ್ಸ್ ಆಕ್ಟ್ ತಂದ್ರು. ಹೊರಗಿನ ಮಾಲಿನ ಮೇಲೆ ಆ ದೇಶದ ಹೆಸರು ಹಾಕಿಸೋದು, ನೋಡಿ ಜನ ಮೂಗು ಮುರೀಲಿ ಅನ್ನೋ ಲೆಕ್ಕಾಚಾರ. ಜನ ಮೂಗು ಮುರೀಲಿಲ್ಲ, ಮೇಡ್ ಇನ್ ಜರ್ಮನಿ ಇದ್ರೆನೇ ಕೊಡಿ ಅನ್ನೋಕೆ ಶುರು ಮಾಡಿದ್ರು. ಅವಮಾನಕ್ಕೆ ಅಂತ ಹಚ್ಚಿದ ಮುದ್ರೆಯನ್ನ ಈಗ ನಮ್ಮ ಬೀದಿ ಬೀದಿಯವರು ಕದೀತಿದಾರೆ.

ನಮ್ಮವರ ಪ್ರತಿಭೆ ಏನ್ ಕಮ್ಮಿನಾ. ಮುಂಬೈ ಹತ್ರದ ಉಲ್ಲಾಸನಗರದ ಮಾಲಿನ ಮೇಲಿರೋ ಯುಎಸ್ಎ ಅಂದ್ರೆ ಉಲ್ಲಾಸನಗರ ಸಿಂಧಿ ಅಸೋಸಿಯೇಷನ್ ಅಂತ ಜನ ಎಷ್ಟು ದಶಕದಿಂದ ನಗ್ತಿದಾರೋ. ಜಪಾನಿನಲ್ಲಿ ಉಸಾ ಅಂತ ಒಂದು ಊರಿದೆ, ಇಂಗ್ಲಿಷಲ್ಲಿ ಬರೆದ್ರೆ ಅದೂ ಯುಎಸ್ಎ, ಮಾಲಿನ ಮೇಲೆ ಹಾಕ್ಕೊಳೋಕೇ ಆ ಹೆಸರಿಟ್ರು ಅನ್ನೋ ಕಥೆ ಮಾತ್ರ ಬುರುಡೆ, ಆ ಊರಿನ ದೇವಸ್ಥಾನಾನೇ ಅಮೆರಿಕ ದೇಶಕ್ಕಿಂತ ಸಾವಿರ ವರ್ಷ ಹಳೇದು.

ನಗು ಬರದೇ ಇರೋ ವಿಷಯ ಒಂದಿದೆ. ಪಂಜಾಬಿನ ಜಲಂಧರ್, ಲುಧಿಯಾನದ ಫೋರ್ಜಿಂಗ್ ಶಾಪ್‌ಗಳಲ್ಲಿ ಕೆಂಡದ ಮುಂದೆ ನಿಂತು ಬಡಿದ ಸ್ಪ್ಯಾನರ್‌ಗಳು ಯುರೋಪು ಅಮೆರಿಕಕ್ಕೆಲ್ಲಾ ಹೋಗ್ತವೆ, ಅಲ್ಲಿನ ಬ್ರ್ಯಾಂಡ್ ಹೆಸರು ಹೊತ್ಕೊಂಡು ಮಾರಾಟ ಆಗ್ತವೆ. ಅಲ್ಲಿಯವನು ಇಂಡಿಯಾದ್ದು ಕೊಂಡು ಬೋಲ್ಟ್ ಬಿಚ್ತಾನೆ, ಇಲ್ಲಿಯವನು ಇಂಡಿಯಾದ್ದು ಬೇಡ ಅಂತ ಬಾವುಟ ನೋಡಿ ಕೊಂಡು, ಬೋಲ್ಟಿನ ಮೂಲೆ ಸವೆಸಿ ಕೂರ್ತಾನೆ.

ಸರ್ಕಾರಕ್ಕೆ ನನ್ನದೊಂದು ಅರ್ಜಿ: ಬಾವುಟ ಎಷ್ಟು ದೊಡ್ಡದೋ ದೇಶದ ಹೆಸರೂ ಅಷ್ಟೇ ದೊಡ್ಡದಾಗಿ, ಪ್ಯಾಕೆಟ್ ಮೇಲಲ್ಲ, ಕಬ್ಬಿಣದ ಮೇಲೇ ಕೊರೀಬೇಕು. ಬಾವುಟ ಚಿಕ್ಕದು ಮಾಡ್ಕೊಳ್ತಾರೆ ಅನ್ಕೊಂಡ್ರಾ? ಇಲ್ಲ, ರೂಲ್ ಬಂದ ಮಾರನೇ ದಿನ ಪೀಣ್ಯದಲ್ಲಿ ಯಾರಾದ್ರೂ ಮಗನಿಗೆ ಜರ್ಮನಿ ಕುಮಾರ್ ಅಂತ ನಾಮಕರಣ ಮಾಡಿ ಅವನ ಹೆಸರಲ್ಲೇ ಶೆಡ್ ತೆಗೀತಾರೆ.