ಏಳನೇ ಡಬ್ಬದಲ್ಲಿ ಕಾಫಿ ಫಿಲ್ಟರ್

ಇವತ್ತು ಬೆಳಿಗ್ಗೆ ಆರೂವರೆಗೆ ಎದ್ದು ಅಡುಗೆಮನೆಗೆ ಹೋದರೆ ಕಾಫಿ ಫಿಲ್ಟರ್ ಇಲ್ಲ. ಪುಡಿ ಇಲ್ಲ. ಲೋಟವೂ ಇಲ್ಲ. ಎಲ್ಲವೂ ಮನೆ ಮುಂದೆ ನಿಂತಿರುವ ಗಾಡಿಯೊಳಗಿವೆ, ಏಳನೇ ನಂಬರಿನ ಡಬ್ಬದಲ್ಲಿ. ಅದರ ಮೇಲೆ ನಾಲ್ಕನೇ ಡಬ್ಬ, ನಾಲ್ಕರ ಮೇಲೆ ಎರಡು ಸಲಿಕೆ, ಸಲಿಕೆ ಮೇಲೆ ಸ್ಲೀಪಿಂಗ್ ಬ್ಯಾಗುಗಳು, ಎಲ್ಲದರ ಮೇಲೆ ಬಿಗಿದು ಕಟ್ಟಿದ ಬಲೆ.

ಈ ಹೊತ್ತಿಗೆ ನಾವು ಮೆಲ್ಬರ್ನ್ ಬಿಟ್ಟು ಮಿಲ್ಡೂರಾ ದಾರಿಯಲ್ಲಿರಬೇಕಿತ್ತು. ಮಕ್ಕಳಿಗೆ ಚಳಿಗಾಲದ ಎರಡು ವಾರ ರಜೆ. ನಿನ್ನೆ ರಾತ್ರಿ ಹತ್ತಕ್ಕೆ ಕೊನೇ ಸಲ ಅಂತ ರಸ್ತೆ ವರದಿ ನೋಡಿದೆ. ನಾವು ಹೋಗಬೇಕಿದ್ದ ಊಡ್ನಡಾಟಾ ಟ್ರ್ಯಾಕ್ ಎಂಬ ಮಣ್ಣುರಸ್ತೆಯ ಉದ್ದಕ್ಕೂ ಕೆಂಪು ಗೆರೆ. ಮಳೆ ಬಂದಿದೆ, ರಸ್ತೆ ಮುಚ್ಚಿದೆ. ಆಗುಂಬೆಯಲ್ಲಿ ಆಷಾಢದ ಒಂದು ಜೋರು ದಿನ ಬೀಳುವಷ್ಟು ಮಳೆ ವರ್ಷವಿಡೀ ಸೇರಿದರೂ ಬೀಳದ ಸೀಮೆ ಅದು. ನಾವು ಹೊರಡುವ ದಿನವೇ ಅದಕ್ಕೆ ಮುಹೂರ್ತ ಕೂಡಿಬಂತು.

ಬಿಡಿ, ಮಳೆ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಇರ್ಲಿ ಅಂಕಲ್ ಮೇಲೆ.

ನಿಜವಾದ ಹೆಸರು ಬೇರೆ. ನನ್ನ ಮಕ್ಕಳು ಇಟ್ಟಿದ್ದು ಇದು. ಎರಡು ಬೀದಿ ಆಚೆ ಮನೆ, ಶಿವಮೊಗ್ಗ ಕಡೆಯವರು, ಬಹಳ ಒಳ್ಳೆಯವರು. ಕಳೆದ ಫೆಬ್ರುವರಿಯಲ್ಲಿ ನಮ್ಮ ಮನೆಯಲ್ಲಿ ಊಟ ಮಾಡಿ ಕೈ ಒರೆಸಿಕೊಳ್ಳುತ್ತಾ, ಎರಡು ಗಾಡಿ ಮಾಡಿಕೊಂಡು ಔಟ್‌ಬ್ಯಾಕ್‌ಗೆ, ಅಂದರೆ ಆಸ್ಟ್ರೇಲಿಯಾದ ಒಳನಾಡಿನ ಬರಡು ಸೀಮೆಗೆ, ಹೋಗೋಣ ಅಂದರು. ಅದೇ ಊಡ್ನಡಾಟಾ ಟ್ರ್ಯಾಕ್: ಮರ್ರಿಯಿಂದ ಮಾರ್ಲಾವರೆಗೆ 620 ಕಿಲೋಮೀಟರ್, ಟಾರಿಲ್ಲದ ಕೆಂಪು ಮಣ್ಣು. ಪಕ್ಕದಲ್ಲಿ ಹಳೆಯ ಘಾನ್ ರೈಲಿನ ಪಾಳುಬಿದ್ದ ನಿಲ್ದಾಣಗಳು. ಸಮುದ್ರ ಮಟ್ಟಕ್ಕಿಂತ 15 ಮೀಟರ್ ಕೆಳಗಿರುವ ಕಾಟಿ ತಂಡಾ ಎಂಬ ಉಪ್ಪಿನ ಸರೋವರ. ರಾತ್ರಿ ನಕ್ಷತ್ರ. ನನಗೂ ಆಸೆಯಾಯಿತು, ಹೂಂ ಅಂದೆ.

ಆಮೇಲೆ ಶುರುವಾಯಿತು ‘ಇರ್ಲಿ’. ಟೈರ್ ಪಂಕ್ಚರ್ ಕಿಟ್ ತಗೊಂಡೆ ಅಂದರೆ, ‘ಇನ್ನೊಂದ್ ಇರ್ಲಿ, ಒಂದ್ ಕಡೆ.’ ತುರ್ತು ಸಂಕೇತ ಕಳಿಸುವ ಬೀಕನ್ ಇದೆ, ಸ್ಯಾಟಲೈಟ್ ಫೋನ್ ಯಾಕೆ ಅಂದರೆ, ‘ಬಾಡಿಗೇದಲ್ವಾ, ಇರ್ಲಿ.’ ಮರಳಲ್ಲಿ ಹೂತ ಚಕ್ರದ ಕೆಳಗೆ ಕೊಡುವ ಕಿತ್ತಳೆ ಬಣ್ಣದ ಹಲಗೆಗಳು ಎರಡು ಜೋಡಿ. ನಾವು ಹೋಗುವ ದಾರಿಯಲ್ಲಿ ಹೂತುಹೋಗುವಂಥ ಮರಳೇ ಇಲ್ಲ ಅಂದೆ. ‘ಇರ್ಲಿ, ಬಟ್ಟೆ ಒಗೆಯೋಕಾದ್ರೂ ಆಗತ್ತೆ.’ ಅವರ ಗಾಡಿ ಏಪ್ರಿಲ್‌ನಲ್ಲೇ ತುಂಬಿತು. ಅಲ್ಲಿಂದ ಮುಂದೆ ಅವರ ‘ಇರ್ಲಿ’ಗಳೆಲ್ಲ ನನ್ನ ಗಾಡಿಗೆ ಗುಳೆ ಹೊರಟವು.

ಹಸಿಮೆಣಸಿನಕಾಯಿಯ ಪ್ರಕರಣ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎರಡು ಕಿಲೋ ತಂದಿದ್ದರು. ದಕ್ಷಿಣ ಆಸ್ಟ್ರೇಲಿಯಾದವರು ಹಣ್ಣಿನ ನೊಣದ ಭಯಕ್ಕೆ ಯಾಂಬಾ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ತರಕಾರಿ, ಹಣ್ಣು ಎಲ್ಲ ತೊಟ್ಟಿಗೆ ಹಾಕಿಸುತ್ತಾರೆ. ಹೇಳಿದೆ. ಎರಡು ಕಿಲೋ ಮೆಣಸಿನಕಾಯಿ ಹೋಗಿ ಮೂರು ಕಿಲೋ ಚಟ್ನಿಪುಡಿ ಬಂತು.

ತೂಕ ಮಾಡಿಸೋಣ ಅಂದವಳು ನನ್ನ ಹೆಂಡತಿ. ಅಲ್ಲಿಯವರೆಗೆ ನೀರಿಗೆ ತೂಕ ಇರುತ್ತದೆ ಎಂಬುದೇ ನನ್ನ ತಲೆಗೆ ಹೋಗಿರಲಿಲ್ಲ. ತಲೆಗೆ ದಿನಕ್ಕೆ ಹತ್ತು ಲೀಟರ್, ನಾಲ್ಕು ತಲೆ, ಮೂರು ದಿನ: 120 ಲೀಟರ್. ಅಂದರೆ 120 ಕಿಲೋ, ಸೊಂಪಾಗಿ ಬೆಳೆದ ಇನ್ನೊಬ್ಬ ಷಡ್ಡಕನನ್ನು ಹಿಂದೆ ಕೂರಿಸಿಕೊಂಡ ಹಾಗೆ. ಅದರ ಮೇಲೆ ಡೀಸೆಲ್ ಕ್ಯಾನು, ಎರಡನೇ ಬ್ಯಾಟರಿ, ಫ್ರಿಜ್ಜು, ಛಾವಣಿ ಮೇಲೆ ಟೆಂಟು.

ಮಂಡ್ಯದಲ್ಲಿ ಕಬ್ಬಿನ ಲಾರಿ ತೂಗುವಂಥ ವೇಬ್ರಿಡ್ಜ್ ಇಲ್ಲೂ ಇದೆ, ಕಸ ವಿಲೇವಾರಿ ಮಾಡುವ ಜಾಗದಲ್ಲಿ. ಮೊನ್ನೆ ಶನಿವಾರ ಹೋದೆವು. ನಮ್ಮ ಹಿಂದೆ ಹಳೇ ಸೋಫಾ ಹೇರಿಕೊಂಡ ನಾಲ್ಕು ಟ್ರೈಲರ್. ನನ್ನ ಗಾಡಿ ಎಲ್ಲ ಸೇರಿ 2,990 ಕಿಲೋ ಮೀರಬಾರದು. ಮೀರಿದರೆ ಇನ್ಶೂರೆನ್ಸಿನವರು ಕೈ ಎತ್ತಬಹುದು. ಹಲಗೆಯ ಮೇಲೆ ಅಂಕಿ ಬಂತು: 3,140.

‘ನೀವೊಮ್ಮೆ ಇಳೀರಿ’ ಅಂದರು ಇರ್ಲಿ ಅಂಕಲ್. ಇಳಿದೆ. 3,060. ನನ್ನ ಹೊಟ್ಟೆ ನೋಡಿ ತಲೆದೂಗಿದರು. ಹೆಂಡತಿ ಇಳಿದಳು. ಎಷ್ಟು ಇಳಿಯಿತು ಎಂದು ಬರೆಯುವ ಧೈರ್ಯ ನನಗಿಲ್ಲ; ಹಲಗೆ ನೋಡಿದ ತಪ್ಪಿಗೇ ಅವತ್ತು ಮಧ್ಯಾಹ್ನ ನನಗೆ ನಿನ್ನೆಯ ಅನ್ನ. ಕೊನೆಗೆ ಮಕ್ಕಳಿಬ್ಬರೂ ಇಳಿದರು. 2,940! ಇರ್ಲಿ ಅಂಕಲ್ ಚಪ್ಪಾಳೆ ಹೊಡೆದರು. ‘ನೋಡಿ, ಲಿಮಿಟ್ಟಿನೊಳಗೇ ಇದೆ. ಇನ್ನೂ ಐವತ್ತು ಕಿಲೋಗೆ ಜಾಗ!’

ಸಂಸಾರವನ್ನು ಕೆಳಗಿಳಿಸಿದರೆ ಪ್ರವಾಸ ಕಾನೂನುಬದ್ಧ. ಗಾಡಿ ಓಡಿಸೋರು ಯಾರು ಅಂತ ಕೇಳಿದೆ. ಅವರು ಅದನ್ನು ಸಮಸ್ಯೆಯ ಹಾಗೆ ತೆಗೆದುಕೊಳ್ಳಲಿಲ್ಲ, ಲೆಕ್ಕದ ಹಾಗೆ ತೆಗೆದುಕೊಂಡರು. ಗಡ್ಡ ಕೆರೆದು, ‘ಮಕ್ಕಳು ನಮ್ಮ ಗಾಡೀಲಿ ಬರ್ಲಿ’ ಅಂದರು. ನಿಮ್ಮ ಗಾಡಿ ತೂಗಿಸಿದ್ದೀರಾ? ‘ಛೆ, ಅದ್ಯಾಕೆ?’ ಹಿಂದಿನ ಸೋಫಾದವನು ಹಾರ್ನ್ ಹೊಡೆದ. ಕಸದ ಜಾಗದ ಹುಡುಗ ಬಂದು, ಇದರಲ್ಲಿ ಯಾವುದನ್ನೆಲ್ಲ ಎಸೆಯುತ್ತೀರಿ ಅಂತ ವಿನಯವಾಗಿ ಕೇಳಿದ. ನನ್ನ ಹೆಂಡತಿ ತಡಮಾಡದೆ ಸಲಿಕೆಗಳತ್ತ ಬೆರಳು ತೋರಿಸಿದಳು. ಆ ಗದ್ದಲದಲ್ಲೇ ಇರ್ಲಿ ಅಂಕಲ್ ಕಿಟಕಿಯಿಂದ ಒಂದು ಸ್ಟೀಲ್ ಡಬ್ಬ ಒಳಗೆ ತೂರಿಸಿದರು. ‘ಗೊಜ್ಜವಲಕ್ಕಿ. ಹಗುರ.’

ಅವರಿಗೆ ಬುದ್ಧಿ ಬರಲಿ ಅಂತ ಅವತ್ತು ಸಂಜೆ ಬರ್ಕ್ ಮತ್ತು ವಿಲ್ಸ್ ಕತೆ ಹೇಳಿದೆ. 1860ರ ಆಗಸ್ಟ್ 20ರಂದು ಇದೇ ಮೆಲ್ಬರ್ನಿನ ರಾಯಲ್ ಪಾರ್ಕಿನಿಂದ, ಖಂಡವನ್ನು ದಕ್ಷಿಣೋತ್ತರ ದಾಟಲು ಹೊರಟವರು. ಸುಮಾರು 20 ಟನ್ ಸಾಮಾನು. ಊಟದ ಮೇಜು, ಕುರ್ಚಿ, ಒಂದು ಚೀನೀ ಜಾಗಟೆ. ಕರಾಚಿಯಿಂದ ಹಡಗಿನಲ್ಲಿ ತರಿಸಿದ ಒಂಟೆಗಳಿಗೆ ಕುಡಿಸಲು 60 ಗ್ಯಾಲನ್ ರಮ್. ಒಂದು ಬಂಡಿ ಪಾರ್ಕು ದಾಟುವ ಮೊದಲೇ ಮುರಿಯಿತು. ಮೊದಲ ರಾತ್ರಿ ಅವರು ತಲುಪಿದ್ದು ಎಸೆಂಡನ್. ಇವತ್ತು ಟ್ರೈನಿನಲ್ಲಿ ಅರ್ಧ ಗಂಟೆಯೂ ಬೇಡ. ಕೊನೆಗೆ ಹಸಿವಿನಿಂದ ಬಳಲಿ ಇಬ್ಬರೂ ಕೂಪರ್ ಕ್ರೀಕ್ ದಂಡೆಯಲ್ಲಿ ಸತ್ತರು. ಜೊತೆಗಿದ್ದ ಕಿಂಗ್ ಒಬ್ಬ ಬದುಕಿದ್ದು ಅಲ್ಲಿಯ ಯಾಂಡ್ರುವಾಂಡಾ ಜನ ಸಾಕಿದ್ದರಿಂದ. ಆ ಜನರ ಹತ್ತಿರ ಮೇಜೂ ಇರಲಿಲ್ಲ, ಜಾಗಟೆಯೂ ಇರಲಿಲ್ಲ.

ಇರ್ಲಿ ಅಂಕಲ್ ಗಂಭೀರವಾಗಿ ಕೇಳಿದರು. ‘ಅಷ್ಟು ತಗೊಂಡ್ ಹೋದ್ರೂ ಸತ್ರಲ್ಲಾ. ಅಂದ್ರೆ ಇನ್ನೂ ಬೇಕಿತ್ತು.’

ಕೂಪರ್ ಕ್ರೀಕಿನಲ್ಲಿ ಬರ್ಕ್‌ಗಾಗಿ ನಾಲ್ಕು ತಿಂಗಳು ಕಾದ ಅವನದೇ ತಂಡ ಬೆಳಿಗ್ಗೆ ಬಿಡಾರ ಬಿಟ್ಟಿತು, ಬರ್ಕ್ ಅದೇ ದಿನ ಸಂಜೆ ಅಲ್ಲಿಗೆ ತಲುಪಿದ ಅಂತ ಹೇಳುವಾಗ ಯಾಕೋ ನನ್ನ ದನಿ ಇಳಿಯಿತು. ಅವರು ತೊಡೆ ತಟ್ಟಿ, ‘ಸ್ಯಾಟಲೈಟ್ ಫೋನ್! ನಾನ್ ಹೇಳ್ಲಿಲ್ವಾ?’ ಅಂದರು.

ಇದೇ ಮನುಷ್ಯ ಕೊಡಚಾದ್ರಿಯ ಜೀಪ್ ಹತ್ತಿದವರು, ನಾನೂ ಹತ್ತಿದವನೇ. ಹವಾಯಿ ಚಪ್ಪಲಿಯ ಡ್ರೈವರ್, ಬಂಡೆಯಿಂದ ಬಂಡೆಗೆ ಜಿಗಿಯುವ ದಾರಿ, ಹಿಂದೆ ಹನ್ನೊಂದು ಜನ, ಒಬ್ಬರ ಮಂಡಿ ಇನ್ನೊಬ್ಬರ ಎದೆಗೆ. ನಮ್ಮಪ್ಪ ಅರ್ಧ ದಾರಿಯಲ್ಲಿ, ‘ಸ್ಟೆಪ್ನಿ ಇದೆಯೇನಪ್ಪಾ?’ ಅಂದಿದ್ದರು. ‘ಇದೆ ಸಾರ್, ಮನೇಲಿ.’ ಅಪ್ಪ ಆಮೇಲೆ ಎಷ್ಟೋ ವರ್ಷ ಆ ಮಾತು ಹೇಳಿಕೊಂಡು ನಗುತ್ತಿದ್ದರು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವರಿಗೆ ನನ್ನ ಗಾಡಿ ತೋರಿಸಿದೆ, ಡಬ್ಬ, ಹಾಸಿಗೆ, ಪಾತ್ರೆ ಎಲ್ಲ. ತುಂಬ ಹೊತ್ತು ನೋಡಿ, ‘ಊರಿಗೆ ಬಂದ್ಬಿಡ್ತಿದೀರಾ?’ ಅಂದರು. ಇಲ್ಲಪ್ಪ, ಹತ್ತು ದಿನದ ಟ್ರಿಪ್ಪು ಅಂದೆ. ‘ಓ, ಸರಿ ಸರಿ’ ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.

ಇರಲಿ. ನೋಡಿ, ನನಗೂ ಅಂಟಿತು.

ಕಾಫಿಗೆ ಬರುತ್ತೇನೆ. ಬಲೆ ಬಿಚ್ಚಿ, ಸ್ಲೀಪಿಂಗ್ ಬ್ಯಾಗ್ ಇಳಿಸಿ, ಒಂದು ಸಲಿಕೆಯನ್ನು ಕಾಲ ಹೆಬ್ಬೆರಳ ಮೇಲೆ ಬೀಳಿಸಿಕೊಂಡು, ಏಳನೇ ಡಬ್ಬ ತೆಗೆದೆ. ಹಾಲು ಗಾಡಿಯ ಫ್ರಿಜ್ಜಿನಲ್ಲಿ. ಸಕ್ಕರೆ ಎರಡನೇ ಡಬ್ಬದಲ್ಲಿ. ಇಷ್ಟನ್ನೂ ಮತ್ತೆ ಮನೆಯೊಳಗೆ ಹೊರುವ ಚೈತನ್ಯ ಇಲ್ಲದೆ, ಗ್ಯಾಸ್ ಒಲೆಯನ್ನು ಡ್ರೈವ್‌ವೇಯಲ್ಲೇ ಹಚ್ಚಿದೆ. ಹೆಂಡತಿ ಕಂಬಳಿ ಹೊದ್ದು ಬಂದು ಮಡಚುವ ಕುರ್ಚಿ ಬಿಡಿಸಿಕೊಂಡು ಕೂತಳು, ಮಾತಾಡಲಿಲ್ಲ. ಆರು ಡಿಗ್ರಿ ಚಳಿ. ನಾಯಿ ಹಿಡಿದು ವಾಕಿಂಗ್ ಹೊರಟ ಎದುರುಮನೆಯವರು ಕೈ ಬೀಸಿ, ಪ್ರವಾಸ ಹೇಗಿತ್ತು ಅಂತ ವಿಚಾರಿಸಿದರು.

ಎರಡನೇ ಡಿಕಾಕ್ಷನ್ ಇಳಿಯುವಾಗ ಫೋನ್ ಬಂತು. ಅವರೇ.

‘ಕಾಫಿ ಆಯ್ತಾ? ಒಂದಿಷ್ಟು ಇರ್ಲಿ, ಬಂದೆ. ನಮ್ಮನೇ ಲೋಟಗಳೂ ನಿಮ್ ಗಾಡೀಲೇ ಇವೆ, ಒಂಬತ್ತನೇ ಡಬ್ಬ.’